ಕೈ ಬೀಸಿಕೊಂಡು ಮೆಲ್ಬರ್ನಿಗೆ

ಮಂಗಳವಾರ

ಕೊನೆಗೆ ಬೆಲ್ಟ್ ಮೇಲೆ ಉಳಿದದ್ದು ಮಗುವಿನ ತಳ್ಳುಗಾಡಿ, ಪ್ಲಾಸ್ಟಿಕ್ ಸುತ್ತಿದ ಒಂದು ರಟ್ಟಿನ ಡಬ್ಬ, ಯಾರದ್ದೋ ಗಾಲ್ಫ್ ಚೀಲ. ಅವೇ ಸುತ್ತಿ ಸುತ್ತಿ ಬರುತ್ತಿದ್ದವು. ನಮ್ಮ ಜೊತೆ ಬಂದವರೆಲ್ಲ ಹೊರಟುಹೋಗಿದ್ದರು. ಅಮ್ಮ ಮಾತ್ರ ಸಾಮಾನು ಹೊರಬರುವ ರಬ್ಬರ್ ಪರದೆಯನ್ನೇ ನೋಡುತ್ತ ನಿಂತಿದ್ದಳು. ದೂರದಿಂದಲೇ ಗುರುತು ಸಿಗಲಿ ಅಂತ ಎರಡೂ ಸೂಟ್‌ಕೇಸಿನ ಹಿಡಿಗೆ ಅವಳೇ ಹಳದಿ-ಕೆಂಪು ರಿಬ್ಬನ್ ಕಟ್ಟಿದ್ದಳು. ಸ್ವಲ್ಪ ಹೊತ್ತಿಗೆ ಬೆಲ್ಟೂ ನಿಂತಿತು.

"ಇನ್ನೊಂದು ಗಾಡಿ ಬರ್ತದೇನೋ, ಕೇಳು," ಅಂದಳು.

ಇನ್ನೊಂದು ಗಾಡಿ ಇರಲಿಲ್ಲ.

ಇದು 2024ರ ಜುಲೈ ಮಾತು. ಬೆಂಗಳೂರಿನಿಂದ ಹೊರಟು, ನಡುವೆ ಒಂದು ಕಡೆ ವಿಮಾನ ಬದಲಿಸಿ, ಬೆಳಿಗ್ಗೆ ಮೆಲ್ಬರ್ನಿನ ಟಲ್ಲಮರೀನ್ ನಿಲ್ದಾಣದಲ್ಲಿ ಇಳಿದಿದ್ದೆವು. ಮೊದಲ ವಿಮಾನ ತಡವಾಗಿತ್ತು. ಎರಡನೆಯದನ್ನು ನಾವು ಓಡಿ ಹಿಡಿದೆವು, ಸೂಟ್‌ಕೇಸುಗಳಿಗೆ ಆಗಲಿಲ್ಲ. ಬ್ಯಾಗುಗಳು ಹಿಂದೆ ಉಳಿಯುವುದು ಹೆಚ್ಚಾಗಿ ಇಂಥ ಜಾಗದಲ್ಲೇ. ಒಂದು ವಿಮಾನದಿಂದ ಇಳಿದು ಇನ್ನೊಂದಕ್ಕೆ ಹತ್ತಲು ಅವಕ್ಕೂ ಹೊತ್ತು ಬೇಕು, ಅಲ್ವಾ?

ಬ್ಯಾಗೇಜ್ ಕೌಂಟರಿನಲ್ಲಿದ್ದ ಹುಡುಗಿಗೆ ಇದೆಲ್ಲ ದಿನದ ಕೆಲಸ. ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿದ್ದ ಚೀಟಿಗಳನ್ನು ಕೇಳಿದಳು. ಅದರಲ್ಲಿರುವ ಹತ್ತು ಅಂಕಿಯೇ ಸೂಟ್‌ಕೇಸಿನ ಹೆಸರು, ವಿಳಾಸ ಎಲ್ಲ. ಆ ಚೀಟಿಯನ್ನು ಕಸ ಅಂತ ಎಸೆಯುವವರಿದ್ದಾರೆ, ದಯವಿಟ್ಟು ಎಸೆಯಬೇಡಿ. ಆಮೇಲೆ ಬಗೆಬಗೆಯ ಪೆಟ್ಟಿಗೆಗಳ ಚಿತ್ರವಿದ್ದ ಒಂದು ಹಾಳೆ ಮುಂದಿಟ್ಟು, "ನಿಮ್ಮದು ಇದರಲ್ಲಿ ಯಾವ ಥರದ್ದು, ಯಾವ ಬಣ್ಣ?" ಅಂತ ಕೇಳಿದಳು. ಅಮ್ಮ ಬೆರಳಿಟ್ಟು ತೋರಿಸಿ, ರಿಬ್ಬನ್ನಿನ ವಿಷಯವನ್ನೂ ಬರೆಸಿದಳು. ಕಂಪ್ಯೂಟರಿನಿಂದ ಒಂದು ಫೈಲ್ ನಂಬರ್ ಬಂತು. ಮೊದಲು ಎಂಇಎಲ್ ಅಂತ ಊರಿನ ಮೂರಕ್ಷರ, ಆಮೇಲೆ ವಿಮಾನ ಕಂಪನಿಯ ಎರಡಕ್ಷರ, ಕೊನೆಗೆ ಐದು ಅಂಕಿ. ವರ್ಲ್ಡ್‌ಟ್ರೇಸರ್ ಅಂತ ಒಂದು ವ್ಯವಸ್ಥೆ ಇದೆ, ಲೋಕದ ಬಹಳಷ್ಟು ವಿಮಾನ ಕಂಪನಿಗಳು ಬಳಸುವುದು ಅದನ್ನೇ. ದಿಕ್ಕಿಲ್ಲದೆ ಸಿಕ್ಕಿದ ಬ್ಯಾಗುಗಳ ವಿವರ ಒಂದು ಕಡೆಯಿಂದ, ಕಳಕೊಂಡವರ ವಿವರ ಇನ್ನೊಂದು ಕಡೆಯಿಂದ ಅದಕ್ಕೆ ಸೇರುತ್ತದೆ. ಎರಡನ್ನೂ ಅದು ತಾಳೆ ನೋಡುತ್ತಿರುತ್ತದೆ.

"ಒಳಗೆ ತಿನ್ನುವ ಪದಾರ್ಥ ಇದೆಯಾ?"

ಇಲ್ಲಿ ಶುರುವಾಯಿತು ನಿಜವಾದ ಕಷ್ಟ. ಆಸ್ಟ್ರೇಲಿಯಾದಲ್ಲಿ ಹೊರಗಿನ ಆಹಾರ, ಬೀಜ, ಮರದ ಸಾಮಾನು ಎಲ್ಲದಕ್ಕೂ ತಪಾಸಣೆ ಬಹಳ ಬಿಗಿ. ಹಿಂದಿನಿಂದ ಒಂಟಿಯಾಗಿ ಬರುವ ಸೂಟ್‌ಕೇಸಿಗೂ ವಿನಾಯಿತಿ ಇಲ್ಲ. ಹಾಗಾಗಿ ಒಳಗೆ ಏನೇನಿದೆ, ಯಾವುದರಿಂದ ಮಾಡಿದ್ದು ಅಂತೆಲ್ಲ ಬರೆದುಕೊಡಬೇಕು. ಅಮ್ಮ ಒಂದೊಂದಾಗಿ ಹೇಳುತ್ತ ಹೋದಳು. ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ, ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿ, ಮಿಡಿ ಉಪ್ಪಿನಕಾಯಿ. ಆ ಹುಡುಗಿ ಹಾಳೆ ತಿರುಗಿಸಿ ಹಿಂಬದಿಯಲ್ಲೂ ಬರೆದುಕೊಂಡಳು. ಪಾಪ.

ಕೊನೆಗೆ ಬೀಗದಕೈ ಕೇಳಿದಳು. ಕೊಡದಿದ್ದರೆ ತಪಾಸಣೆಯವರು ಬೀಗ ಒಡೆಯಬೇಕಾಗಬಹುದು ಅಂದಳು. ಬೀಗದಕೈ ಇದ್ದದ್ದು ಅಮ್ಮನ ಕರಿಮಣಿ ಸರದ ಸೇಫ್ಟಿ ಪಿನ್ನಿನಲ್ಲಿ. ಅದನ್ನು ಬಿಚ್ಚಿ ಗುರುತಿಲ್ಲದವರ ಕೈಗೆ ಕೊಡುವಾಗ ಅಮ್ಮನ ಮುಖ ನೋಡಬೇಕಿತ್ತು. ಲಕೋಟೆಗೆ ಹಾಕಿ ಅಂಟಿಸುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.

ದೇಶದೊಳಗೆ ಬರುವವರು ತುಂಬಿಕೊಡುವ ಕಾರ್ಡಿನಲ್ಲಿ ಆಹಾರ ಇದೆ ಅಂತ ಗುರುತು ಹಾಕಿದ್ದರಿಂದ ನಮ್ಮನ್ನು ತಪಾಸಣೆಯ ಸಾಲಿಗೆ ಕಳಿಸಿದರು. ಅಲ್ಲಿದ್ದ ಅಧಿಕಾರಿ ಕಾರ್ಡ್ ನೋಡಿದ, ನಮ್ಮ ಕೈ ನೋಡಿದ. "ಎಲ್ಲಿ?" "ಬಂದಿಲ್ಲ." "ಒಂದೂ?" "ಒಂದೂ." ನಕ್ಕು ಬಾಗಿಲು ತೋರಿಸಿದ. ಅಷ್ಟು ಬೇಗ ಹೊರಗೆ ಬಂದವರು ಆ ದಿನ ನಾವೇ ಇರಬೇಕು.

ಹೊರಗೆ ಏಳೆಂಟು ಡಿಗ್ರಿ. ಅದಕ್ಕಿಂತ ಗಾಳಿಯದೇ ಕಾಟ. ನಮ್ಮ ಆಷಾಢದ ಗಾಳಿಯೇ, ಆದರೆ ಐಸ್‌ ಡಬ್ಬದೊಳಗಿಂದ ಬೀಸಿದ ಹಾಗಿತ್ತು. ಅಮ್ಮನ ಮೈಮೇಲೆ ಕಾಟನ್ ಸೀರೆ, ತೆಳ್ಳನೆಯ ಸ್ವೆಟರ್, ಒಂದು ಶಾಲು. ದಪ್ಪ ಸ್ವೆಟರುಗಳು, ಉಣ್ಣೆಯ ಕಾಲುಚೀಲ, ಮಂಕಿ ಕ್ಯಾಪು ಎಲ್ಲ ರಿಬ್ಬನ್ ಕಟ್ಟಿಕೊಂಡು ಬೇರೆ ದೇಶದಲ್ಲಿ ಕೂತಿದ್ದವು. ಅವಳ ಬಿಪಿ ಮಾತ್ರೆ ಕೈಚೀಲದಲ್ಲಿತ್ತು, ಅದೊಂದು ಪುಣ್ಯ. ಇಷ್ಟು ದೊಡ್ಡ ಊರು, ಆದರೂ ವಿಮಾನ ನಿಲ್ದಾಣಕ್ಕೆ ರೈಲಿಲ್ಲ. ಕೆಂಪು ಸ್ಕೈಬಸ್ ಹತ್ತಿ ಸದರ್ನ್ ಕ್ರಾಸ್ ಸ್ಟೇಷನ್ನಿಗೆ ಬಂದೆವು.

ರೂಮು ಸಿಗುವುದು ಮಧ್ಯಾಹ್ನವೇ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಸೂಟ್‌ಕೇಸ್ ಎಲ್ಲಿ ಇಡುವುದು ಅನ್ನುವುದೇ ದೊಡ್ಡ ಚಿಂತೆ. ನಮಗೆ ಆ ಚಿಂತೆ ಇರಲಿಲ್ಲ. ಚಳಿಗೆ ಬೆಚ್ಚಗಿರುವ, ದುಡ್ಡು ಕೇಳದ, ಟಾಯ್ಲೆಟ್ ಇರುವ ಜಾಗವೊಂದು ಬೇಕಿತ್ತು, ಅಷ್ಟೇ. ಸ್ವಾನ್‌ಸ್ಟನ್ ಸ್ಟ್ರೀಟಿನ ಸ್ಟೇಟ್ ಲೈಬ್ರರಿ ಈ ಮೂರಕ್ಕೂ ಸರಿಹೋಯಿತು. 1856ರಲ್ಲಿ ಬಾಗಿಲು ತೆರೆದ ಗ್ರಂಥಾಲಯ. ಗುಮ್ಮಟದ ಕೆಳಗಿನ ಎಂಟು ಮೂಲೆಯ ಓದುವ ಕೋಣೆ 1913ರದ್ದು. ತಲೆಯೆತ್ತಿ ನೋಡಿದರೆ ಸುತ್ತಲೂ ಮಹಡಿಯ ಮೇಲೆ ಮಹಡಿ, ಎಲ್ಲಕ್ಕೂ ಮೇಲೆ ಬೆಳಕು. ಹಸಿರು ದೀಪದ ಮೇಜುಗಳಲ್ಲಿ ಹುಡುಗರು ಪರೀಕ್ಷೆಗೆ ಓದುತ್ತಿದ್ದರು. ಇಬ್ಬರು ಮಲಗಿಯೂ ಇದ್ದರು. ಯಾರೂ ಎಬ್ಬಿಸಲಿಲ್ಲ.

ಮೇಲಿನ ಮಹಡಿಯಲ್ಲಿ ನೆಡ್ ಕೆಲ್ಲಿಯ ಕವಚ ಇದೆ. ಕೆಲ್ಲಿ ಇಲ್ಲಿಯವರ ಪ್ರಸಿದ್ಧ ದರೋಡೆಕೋರ. ಕೆಲವರಿಗೆ ವೀರ, ಕೆಲವರಿಗೆ ಕೊಲೆಗಾರ. ನೇಗಿಲ ಕಬ್ಬಿಣವನ್ನು ಬಡಿದು ಮಾಡಿದ ಕವಚ ತೊಟ್ಟುಕೊಂಡು 1880ರ ಜೂನ್‌ನಲ್ಲಿ ಗ್ಲೆನ್‌ರೋವನ್ ಅನ್ನುವ ಊರಲ್ಲಿ ಪೊಲೀಸರನ್ನು ಎದುರಿಸಿದ. ಕಾಲಿಗೆ ಗುಂಡು ಬಿದ್ದು ಸಿಕ್ಕಿಬಿದ್ದ. ಅದೇ ನವೆಂಬರ್‌ನಲ್ಲಿ ಅವನನ್ನು ಗಲ್ಲಿಗೇರಿಸಿದರು. ಶಿಕ್ಷೆ ಕೊಟ್ಟ ಜಡ್ಜ್ ರೆಡ್ಮಂಡ್ ಬ್ಯಾರಿ. ಈ ಗ್ರಂಥಾಲಯವನ್ನು ಕಟ್ಟಿಸಿದವರಲ್ಲಿ ಮುಖ್ಯನೂ ಅವನೇ. ಅವನ ಪ್ರತಿಮೆ ಅಂಗಳದಲ್ಲಿ, ಇವನ ಕವಚ ಮೇಲೆ. ಯಾರು ಯಾರನ್ನು ಗೆದ್ದರೋ! ಕವಚದ ತೂಕ ಸುಮಾರು 44 ಕೆಜಿ. ನಮ್ಮೆರಡು ಸೂಟ್‌ಕೇಸ್ ಕೂಡಿದರೂ ಹೆಚ್ಚುಕಮ್ಮಿ ಅಷ್ಟೇ.

ಅಮ್ಮ ತುಂಬ ಹೊತ್ತು ನೋಡಿದಳು. "ಇವನ ಸಾಮಾನೆಲ್ಲ ಮೈಮೇಲೇ ಉಂಟು. ಕಳೆದುಹೋಗುವ ಭಯವೇ ಇಲ್ಲ ಮಾರಾಯ್ತಿ."

ಸಂಜೆ ಐದೂಕಾಲಿಗೆಲ್ಲ ಕತ್ತಲೆ. ಬಟ್ಟೆ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಇಲ್ಲಿ ಅಂಗಡಿಯವರಿಗೂ ಮನೆ ಇದೆ, ಅವರೂ ಊಟಕ್ಕೆ ಹೋಗುತ್ತಾರೆ ಅನ್ನುವುದು ನಮ್ಮಂಥವರಿಗೆ ಸ್ವಲ್ಪ ತಡವಾಗಿ ಹೊಳೆಯುತ್ತದೆ. ತೆರೆದಿದ್ದ ಸೂಪರ್ ಮಾರ್ಕೆಟಿನಲ್ಲಿ ಬ್ರಷ್ಷು, ಪೇಸ್ಟು, ಸೋಪು, ಬಾಚಣಿಗೆ ಕೊಂಡೆವು. ಒಂದು ಪ್ಲಗ್ ಅಡಾಪ್ಟರ್ ಕೂಡ. ಇಲ್ಲಿಯ ಪ್ಲಗ್ಗಿಗೆ ಓರೆಯಾಗಿ ನಿಂತ ಚಪ್ಪಟೆ ಕಡ್ಡಿಗಳು, ನಮ್ಮ ದುಂಡು ಪಿನ್ನು ಅದರೊಳಗೆ ಹೋಗುವುದಿಲ್ಲ. ರಾತ್ರಿ ಅಮ್ಮ ಸೀರೆ, ರವಿಕೆ ಒಗೆದು ಹೀಟರ್ ಮುಂದೆ ಹರವಿದಳು. ಹಾಸಿಗೆಯ ಎರಡು ಚಾದರ ಸುತ್ತಿಕೊಂಡು ಕೂತು ಊರಿಗೆ ಫೋನ್ ಮಾಡಿದಳು. ಅಲ್ಲಿ ಇನ್ನೂ ಸಂಜೆ, ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. "ಎಲ್ಲ ಆರಾಮ, ಊರು ಚಂದ ಇದೆ," ಅಂತ ಅಪ್ಪನಿಗೆ ಹೇಳಿದಳು. ವಿಡಿಯೋ ಮಾತ್ರ ಆನ್ ಮಾಡಬೇಡ ಅಂತ ನನಗೆ ಕಣ್ಣು ಬಿಟ್ಟಳು.

ಬುಧವಾರ

ಹುಡುಕಾಟ ಮುಂದುವರಿದಿದೆ ಅಂತ ಫೋನು ಹೇಳಿತು.

ಅಗ್ಗದ ಬಟ್ಟೆಗೆ ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ ಒಳ್ಳೆಯದು ಅಂತ ಕೇಳಿದ್ದೆ. 1878ರಿಂದ ನಡೆಯುತ್ತಿರುವ ಸಂತೆ. ನಡೆದುಕೊಂಡೇ ಹೋದೆವು. ಉದ್ದುದ್ದ ಶೆಡ್ಡುಗಳು, ಒಂದು ನರಪಿಳ್ಳೆಯೂ ಇಲ್ಲ. ಸೋಮವಾರ, ಬುಧವಾರ ರಜೆ. ಆದರೆ ಚಳಿಗಾಲದ ಬುಧವಾರ ರಾತ್ರಿ ಬೇರೆಯದೇ ಸಂತೆ ಸೇರುತ್ತದಂತೆ. ಸರಿ, ಅಲ್ಲಿಯವರೆಗೆ ಏನು ಮಾಡುವುದು? ಎದುರಿಗೆ 19ನೇ ನಂಬರಿನ ಟ್ರಾಮ್ ಬಂತು.

ಊರ ನಡುವೆ ಟ್ರಾಮ್ ಪುಕ್ಕಟೆ. 2015ರಿಂದ ಹಾಗೆ. ಮಾರ್ಕೆಟ್ ದಾಟಿದರೆ ಟಿಕೆಟ್ಟಿನ ಬದಲು ಇರುವ ಮೈಕಿ ಕಾರ್ಡ್ ಉಜ್ಜಬೇಕು, ಗಡಿ ಬರುವಾಗ ಟ್ರಾಮಿನಲ್ಲೇ ಕೂಗಿ ಹೇಳುತ್ತಾರೆ. ಸಿಡ್ನಿಯವರು 1961ರಲ್ಲಿ ತಮ್ಮ ಹಳೇ ಟ್ರಾಮುಗಳನ್ನೆಲ್ಲ ಕಿತ್ತುಹಾಕಿದರು. ಮೆಲ್ಬರ್ನಿನವರು ಹಟ ಹಿಡಿದು ಉಳಿಸಿಕೊಂಡರು. ಈಗ ಜಗತ್ತಿನಲ್ಲೇ ಅತಿ ದೊಡ್ಡ ಟ್ರಾಮ್ ಜಾಲ ಇವರದ್ದು. ರಾಯಲ್ ಪೆರೇಡ್ ರಸ್ತೆಯ ಎರಡೂ ಬದಿ ದೊಡ್ಡ ದೊಡ್ಡ ಎಲ್ಮ್ ಮರಗಳು, ಒಂದು ಎಲೆಯೂ ಇಲ್ಲದೆ ನಿಂತಿದ್ದವು. ಯುರೋಪಿನಲ್ಲಿ ರೋಗ ಬಡಿದು ಈ ಜಾತಿಯ ಮರಗಳು ಕೋಟಿಗಟ್ಟಲೆ ಸತ್ತವು. ಆ ರೋಗ ಈ ದೇಶಕ್ಕೆ ಬಂದಿಲ್ಲ, ಹಾಗಾಗಿ ಇಲ್ಲಿ ಉಳಿದಿವೆ. ಇದನ್ನು ಅಮ್ಮನಿಗೆ ಹೇಳಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಮೇಷ್ಟ್ರಗಿರಿ ಮಾಡಿದವಳು, ತಕ್ಷಣ ಅರ್ಥ ಮಾಡಿಕೊಂಡಳು. "ಹಾಗಾದ್ರೆ ನನ್ನ ಸಂಡಿಗೆಯನ್ನ ಅವರು ಬಗೆದು ನೋಡೋದೇ ಸರಿ."

ಬ್ರನ್ಸ್‌ವಿಕ್‌ನ ಸಿಡ್ನಿ ರೋಡ್. ಊರ ನಡುವಿನ ಗಾಜಿನ ಕಟ್ಟಡಗಳಿಗಿಂತ ನನಗೆ ಇದೇ ಇಷ್ಟವಾಯಿತು. ಟರ್ಕಿಯವರ ಅಂಗಡಿ, ಲೆಬನಾನಿನವರ ಬೇಕರಿ, ಮದುವೆ ಗೌನುಗಳ ಅಂಗಡಿ, ನಡುನಡುವೆ ಆಪ್ ಶಾಪ್‌ಗಳು. ಜನ ದಾನವಾಗಿ ಕೊಟ್ಟ ಬಟ್ಟೆ, ಪಾತ್ರೆ, ಪುಸ್ತಕ ಮಾರುವ ಅಂಗಡಿಗಳಿವು. ಹೆಚ್ಚಿನವು ಧರ್ಮಸಂಸ್ಥೆಗಳವು. ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿಯದು ವಿನ್ನೀಸ್, ಸಾಲ್ವೇಷನ್ ಆರ್ಮಿಯದು ಸಾಲ್ವೋಸ್. ಬಡವರಷ್ಟೇ ಬರುತ್ತಾರೆ ಅಂದುಕೊಳ್ಳಬೇಡಿ. ಕಾಲೇಜು ಹುಡುಗಿಯರಿಗೆ ಇದೇ ಫ್ಯಾಷನ್ನು.

ಅಮ್ಮ ಬಾಗಿಲಲ್ಲೇ ನಿಂತಳು.

"ಯಾರೋ ಹಾಕಿ ಬಿಟ್ಟದ್ದು ಕಣೇ."

"ಒಗೆದಿರ್ತಾರೆ ಅಮ್ಮ."

"ಅವರು ಬದುಕಿದ್ದಾರೋ ಇಲ್ಲವೋ!"

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಸತ್ತವರ ಬಟ್ಟೆಯೂ ಇರುತ್ತದೆ, ಇಲ್ಲ ಅನ್ನಲು ನಾನ್ಯಾರು? ನಮ್ಮಜ್ಜಿ ಇದ್ದಿದ್ದರೆ ಚಳಿಯಲ್ಲಿ ಸತ್ತರೂ ಸೈ ಅನ್ನುತ್ತಿದ್ದಳು. ಆಗ ಮತ್ತೊಂದು ಸಲ ಗಾಳಿ ಬೀಸಿತು. ಅಮ್ಮ ಶಾಲನ್ನು ಕಿವಿಗೆ ಎಳೆದುಕೊಂಡು ಒಳಗೆ ನಡೆದಳು.

ಕೌಂಟರಿನಲ್ಲಿದ್ದದ್ದು ಬಿಳಿಗೂದಲ ಒಬ್ಬ ಹೆಂಗಸು, ಸಂಬಳ ಇಲ್ಲದೆ ಬಂದು ದುಡಿಯುವವರು. ಅಮ್ಮನ ಸೀರೆ ನೋಡಿ ಎದ್ದೇ ಬಂದರು. ನಾನು ಹಿಡಿದಿದ್ದ, ಗಾಳಿ ತುಂಬಿದ ಹಾಗೆ ಉಬ್ಬಿದ ಜಾಕೆಟನ್ನು ಕಿತ್ತು ಹಿಂದಕ್ಕಿಟ್ಟರು. ಲೇಬಲ್ ಓದಬೇಕಂತೆ. ಉಣ್ಣೆ ಎಷ್ಟು, ಪಾಲಿಯೆಸ್ಟರ್ ಎಷ್ಟು ಅಂತ ಅದರಲ್ಲಿ ಬರೆದಿರುತ್ತದಂತೆ. ಕೊನೆಗೆ ಕಂದು ಬಣ್ಣದ ಒಂದು ಉದ್ದನೆಯ ಕೋಟು ಹುಡುಕಿ ಕೊಟ್ಟರು. ಪೂರ್ತಿ ಉಣ್ಣೆ, ಒಳಗೆ ರೇಷ್ಮೆಯಂಥ ಅಸ್ತರಿ. ಹದಿನೈದು ಡಾಲರ್. ಅಮ್ಮನಿಗೆ ಮೊಣಕಾಲಿನ ಕೆಳಗೂ ಬಂತು, ನಿರಿಗೆ ಮಾತ್ರ ಇಣುಕುತ್ತಿತ್ತು. ಕನ್ನಡಿಯ ಮುಂದೆ ಹಿಂದೆ ಮುಂದೆ ತಿರುಗಿದಳು. "ಕುರಿ ಸಾಕೋ ದೇಶ ಅಲ್ವಾ, ಮಾಲು ಗಟ್ಟಿ," ಅಂದಳು. ಹಾಕಿಕೊಂಡೇ ಹೊರಟಳು. ಕಾಲುಚೀಲ, ಒಳಉಡುಪು ಅಲ್ಲೇ ಹತ್ತಿರದ ಕೆಮಾರ್ಟಿನಲ್ಲಿ ಹೊಸದಾಗಿ ಸಿಕ್ಕವು.

ಲೆಬನಾನಿನವರ ಬೇಕರಿಯಲ್ಲಿ ಝಾತರ್ ಹಚ್ಚಿ ಬೇಯಿಸಿದ ರೊಟ್ಟಿ ತಿಂದೆವು. ಮೇಲೆ ಎಳ್ಳು, ಎಂಥದೋ ಹುಳಿಪುಡಿ, ಒಣ ಸೊಪ್ಪಿನ ಘಮ. ಅಮ್ಮ ಇನ್ನೊಂದು ಕಟ್ಟಿಸಿಕೊಂಡಳು, ರಾತ್ರಿಗೆ.

ಅದು ಒಳ್ಳೆಯದೇ ಆಯಿತು. ರಾತ್ರಿಯ ಸಂತೆಯಲ್ಲಿ ಜನ, ಹೊಗೆ, ಹಾಡು ಎಲ್ಲ ಇತ್ತು, ನಮಗೆ ತಿನ್ನುವಂಥದ್ದು ಕಡಿಮೆ. ಪಕ್ಕದ ಕಾರ್ ಪಾರ್ಕಿನ ಜಾಗದಲ್ಲಿ ಈ ಊರಿನ ಮೊದಲ ಅಧಿಕೃತ ಸ್ಮಶಾನ ಇತ್ತು, ಸಾವಿರಾರು ಜನ ಇನ್ನೂ ಕೆಳಗೇ ಇದ್ದಾರೆ ಅಂತ ಹೇಳಿದೆ. ಅಮ್ಮ ಕೋಟಿನ ಗುಂಡಿ ಹಾಕಿಕೊಂಡು "ಇವತ್ತು ಇಂಥ ಸುದ್ದಿ ಸಾಕು" ಅಂದಳು.

ಗುರುವಾರ

ಈ ಪ್ರವಾಸಕ್ಕೆ ಕಾರಣವೇ ಇವತ್ತಿನ ದಿನ. ಅಮ್ಮ ಹುಟ್ಟಿ ಬೆಳೆದದ್ದು ಭದ್ರಾವತಿ. ಅಜ್ಜ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಕ್ರಿಕೆಟ್ ಆಟಗಾರ ಜಿ. ಆರ್. ವಿಶ್ವನಾಥ್ ಹುಟ್ಟಿದ್ದೂ ಭದ್ರಾವತಿಯಲ್ಲೇ, 1949ರಲ್ಲಿ. ಅಷ್ಟು ಸಾಕು. ನಮ್ಮ ಮನೆಯಲ್ಲಿ ವಿಶಿ ಅಂದರೆ ನೆಂಟರಿದ್ದ ಹಾಗೆ. 1981ರ ಫೆಬ್ರವರಿಯಲ್ಲಿ ಬೆಳಗಿನ ಜಾವ ಎದ್ದು, ಗರಗರ ಅನ್ನುವ ಶಾರ್ಟ್ ವೇವ್ ರೇಡಿಯೋಗೆ ಕಿವಿ ಹಚ್ಚಿ ಅಮ್ಮ ಕೇಳಿದ ಆಟ ನಡೆದದ್ದು ಮೆಲ್ಬರ್ನ್ ಕ್ರಿಕೆಟ್ ಗ್ರೌಂಡಿನಲ್ಲಿ. ಎಂಸಿಜಿ. ಇಲ್ಲಿಯವರ ಬಾಯಲ್ಲಿ ಬರೀ 'ಜಿ'.

ಫೆಡರೇಷನ್ ಸ್ಕ್ವೇರ್ ಪಕ್ಕದಿಂದ ಯಾರಾ ನದಿಯ ದಂಡೆ ಹಿಡಿದು, ಸೇತುವೆ ದಾಟಿ ನಡೆದೆವು. ಕಂದು ಕೋಟು, ಕೆಳಗೆ ಹಸಿರು ನಿರಿಗೆ, ಕ್ಯಾನ್ವಾಸ್ ಶೂ. ಈ ಊರಿನ ಜನ ಚಳಿಗಾಲದಲ್ಲಿ ಹೆಚ್ಚಾಗಿ ಕಪ್ಪನ್ನೇ ಹಾಕುತ್ತಾರೆ, ಆ ಗುಂಪಿನಲ್ಲಿ ಅಮ್ಮ ಎದ್ದು ಕಾಣುತ್ತಿದ್ದಳು. ಹೊರಗೆ ಬ್ರಾಡ್ಮನ್, ಲಿಲ್ಲಿ, ವಾರ್ನ್ ಪ್ರತಿಮೆಗಳು. ಲಿಲ್ಲಿಯ ಮುಂದೆ ಅಮ್ಮ ಒಂದು ಗಳಿಗೆ ನಿಂತಳು. "ಇವನ ಬಾಲಿಗೇ ಹೆದರಿಕೆ ಇತ್ತು ಆಗ."

ಪಂದ್ಯ ಇಲ್ಲದ ದಿನ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ತೋರಿಸುವವರು ಕ್ಲಬ್ಬಿನ ಸದಸ್ಯರು, ಹೆಚ್ಚಿನವರು ನಿವೃತ್ತರಾದ ಹಿರಿಯರು. ನಮಗೆ ಸಿಕ್ಕ ಅಜ್ಜನಿಗೆ ಎಪ್ಪತ್ತೈದಾದರೂ ಆಗಿತ್ತು. 1877ರಲ್ಲಿ ಜಗತ್ತಿನ ಮೊದಲ ಟೆಸ್ಟ್ ಇಲ್ಲೇ ಆದದ್ದು, ಒಂದು ಲಕ್ಷ ಜನ ಕೂರುವುದು, 1956ರ ಒಲಿಂಪಿಕ್ಸ್ ಎಲ್ಲ ಹೇಳಿದರು. ಬಾಗಿಲು ತೆರೆದು ಮೈದಾನದ ಅಂಚಿಗೆ ಕರೆದುಕೊಂಡು ಬಂದರು. ನಾನು ಉಸಿರು ಹಿಡಿದೆ. ಅಷ್ಟು ದೊಡ್ಡ ಬಟ್ಟಲಿನಲ್ಲಿ ಒಬ್ಬರೂ ಇಲ್ಲದೆ ಬರೀ ಹಸಿರು.

"ಪಿಚ್ ಎಲ್ಲಿ?" ಅಂದಳು ಅಮ್ಮ.

ಪಿಚ್ ಇರಲಿಲ್ಲ. ನಿಜಕ್ಕೂ ಇರಲಿಲ್ಲ. ಚಳಿಗಾಲ ಅಂದರೆ ಇಲ್ಲಿ ಫುಟಿ, ಅವರದೇ ಥರದ ಫುಟ್‌ಬಾಲ್. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ ನೆಟ್ಟಿದ್ದರು. ಕ್ರಿಕೆಟ್ ಪಿಚ್ಚನ್ನು 1990ರ ದಶಕದಿಂದ ಬೇರೆ ಕಡೆ ಬೆಳೆಸಿ, ಬೇಸಿಗೆಯಲ್ಲಿ ಇಡಿಯಾಗಿ ತಂದು ಇಳಿಸುತ್ತಾರೆ. ಆಟ ಮುಗಿದ ಮೇಲೆ ಎತ್ತಿಕೊಂಡು ಹೋಗುತ್ತಾರೆ. ಅಜ್ಜ ಇದನ್ನು ಹೆಮ್ಮೆಯಿಂದ ಹೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮನಿಗೆ ನಂಬಲು ಆಗಲಿಲ್ಲ. "ಚಂದ್ರ ಬಾಲ್ ಹಾಕಿದ ಮಣ್ಣು?" ಅಂತ ಕೇಳಿಸಿದಳು.

ಅದು ಯಾವಾಗಲೋ ಹೋಯಿತಂತೆ. ಆಗಿನ ಸ್ಟ್ಯಾಂಡುಗಳೂ ಹೋದವು, ಈಗಿರುವುದೆಲ್ಲ 1990ರ ಈಚೆಗೆ ಕಟ್ಟಿದ್ದು.

ಚಂದ್ರ ಅಂದರೆ ಬಿ. ಎಸ್. ಚಂದ್ರಶೇಖರ್. 1977ರ ಕೊನೆಯ ದಿನಗಳಲ್ಲಿ ಶುರುವಾಗಿ 1978ರ ಮೊದಲ ವಾರ ಮುಗಿದ ಟೆಸ್ಟಿನಲ್ಲಿ ಇದೇ ಜಾಗದಲ್ಲಿ 52 ರನ್ನಿಗೆ 6 ವಿಕೆಟ್, ಮತ್ತೆ 52 ರನ್ನಿಗೆ 6 ವಿಕೆಟ್ ತೆಗೆದವರು. ಆಸ್ಟ್ರೇಲಿಯಾದ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು. ಅದಾಗಿ ಮೂರು ವರ್ಷಕ್ಕೆ, ಅಮ್ಮ ರೇಡಿಯೋದಲ್ಲಿ ಕೇಳಿದ ಟೆಸ್ಟಿನಲ್ಲಿ, ವಿಶಿಯ 114 ರನ್. ಆ ಟೆಸ್ಟಿನ ಬಗ್ಗೆ ಕೇಳಿದ್ದೇ ಅಜ್ಜನ ಕಣ್ಣು ಅರಳಿತು. "ನಾನು ಇಲ್ಲೇ ಇದ್ದೆ!" ಗಾವಸ್ಕರ್ ಸಿಟ್ಟಾಗಿ ಜೊತೆಗೆ ಆಡುತ್ತಿದ್ದ ಚೇತನ್ ಚೌಹಾಣರನ್ನೂ ಎಳೆದುಕೊಂಡು ಮೈದಾನದಿಂದ ಹೊರಟದ್ದು ಹೇಳಿದರು. 143 ರನ್ ಹೊಡೆಯಲಾಗದೆ ತಮ್ಮವರು 83ಕ್ಕೆ ಉದುರಿದ್ದು, ಗ್ರೆಗ್ ಚಾಪೆಲ್ ಮೊದಲ ಬಾಲಿಗೇ ಬೌಲ್ಡ್ ಆದದ್ದು, ಕಾಲುನೋವಿನಲ್ಲೇ ಬೌಲ್ ಮಾಡಿ ಕಪಿಲ್ ಐದು ವಿಕೆಟ್ ಕಿತ್ತದ್ದು, ಎಲ್ಲ ನೆನಪಿತ್ತು. ವಿಶ್ವನಾಥ್ ಮಾತ್ರ ಬರಲಿಲ್ಲ.

ಅಮ್ಮ ಕಾದಳು. ಅವರು ಮುಗಿಸಿದ ಮೇಲೆ ತನ್ನ ಶಾಲೆಯ ಇಂಗ್ಲಿಷಿನಲ್ಲಿ, ನಿಧಾನವಾಗಿ, ತಿದ್ದುಪಡಿ ಮಾಡಿದಳು. ಮೊದಲ ಇನ್ನಿಂಗ್ಸಿನಲ್ಲಿ ಭಾರತದ್ದು 237. ಅದರಲ್ಲಿ 114 ಒಬ್ಬರದೇ. ಆ ರನ್ ಇಲ್ಲದಿದ್ದರೆ ಕಪಿಲನ ಐದು ವಿಕೆಟ್ ತೆಗೆದುಕೊಂಡು ಏನು ಮಾಡುವುದು? ಪಂದ್ಯಪುರುಷ ಯಾರು? ಅಜ್ಜ ಟೋಪಿ ತೆಗೆದು ಒಪ್ಪಿಕೊಂಡರು. ಜೊತೆಗಿದ್ದ ಇಂಗ್ಲೆಂಡಿನ ದಂಪತಿ ಚಪ್ಪಾಳೆ ಹೊಡೆದರು. ಪಿಚ್ ಇಲ್ಲದ ದುಃಖ ಅಲ್ಲಿಗೆ ಅರ್ಧ ಕಳೆಯಿತು.

ಹೊರಗೆ ಬಿಸಿಲಿತ್ತು, ನದಿ ತಲುಪುವಷ್ಟರಲ್ಲಿ ಮಳೆ, ಸ್ಟೇಷನ್ ಹತ್ತಿರ ಮತ್ತೆ ಬಿಸಿಲು. ಒಂದೇ ದಿನದಲ್ಲಿ ನಾಲ್ಕು ಕಾಲ ಅಂತ ಈ ಊರಿಗೆ ಹೆಸರು. ಬಸ್ ಟೂರು, ಪೆಂಗ್ವಿನ್ನು, ಬೀಚು ಅಂತ ನಾನು ಮಾಡಿದ್ದ ಪಟ್ಟಿ ಹಾಗೇ ಉಳಿದಿತ್ತು. ಉಳಿದರೆ ಉಳಿಯಲಿ. ಬೇಕಾದ ಸಾಮಾನಿನ ಹಿಂದೆ ಹೋಗಿ ನೋಡಿದ ಊರು ಪಟ್ಟಿಯಲ್ಲಿರುವ ಊರಿಗಿಂತ ಚೆನ್ನಾಗಿತ್ತು.

ಶುಕ್ರವಾರ

ಅಮ್ಮನ ಒಂದೇ ರವಿಕೆ ದಿನಾ ಒಗೆತ ತಡೆಯಲಾರದೆ ಕಂಕುಳಲ್ಲಿ ಹೊಲಿಗೆ ಬಿಟ್ಟಿತು. ಕೋಟಿನೊಳಗೆ ಯಾರಿಗೂ ಕಾಣುವುದಿಲ್ಲ, ಆದರೂ ಅವಳಿಗೆ ಗೊತ್ತಲ್ಲ. ಮೆಲ್ಬರ್ನಿನಲ್ಲಿ ರವಿಕೆ ಎಲ್ಲಿ ಸಿಗುತ್ತದೆ? ಡ್ಯಾಂಡಿನಾಂಗ್‌ನಲ್ಲಿ.

ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ನಿನ ಗಡಿಯಾರಗಳ ಕೆಳಗಿಂದ ಹೋಗಿ ರೈಲು ಹತ್ತಿದೆವು. ಊರಿನಿಂದ ಸುಮಾರು 30 ಕಿಲೋಮೀಟರ್. ದಾರಿಯಲ್ಲಿ ಹಳಿಯನ್ನೇ ಕಂಬದ ಮೇಲೆ ಎತ್ತಿಬಿಟ್ಟಿದ್ದಾರೆ, ಗೇಟು ಹಾಕಿ ರಸ್ತೆ ತಡೆಯುವ ತಾಪತ್ರಯ ಬೇಡ ಅಂತ. ನಮಗಂತೂ ಎಲ್ಲರ ಹಿತ್ತಿಲೂ ಕಂಡಿತು. ಬಟ್ಟೆ ಒಣಹಾಕುವ ತಂತಿ, ನಿಂಬೆ ಗಿಡ, ನಾಯಿಗೂಡು. ಅಮ್ಮ ನಿಂಬೆ ಗಿಡಗಳನ್ನು ಎಣಿಸತೊಡಗಿದಳು.

ಸ್ಟೇಷನ್ ಎದುರೇ ಫಾಸ್ಟರ್ ಸ್ಟ್ರೀಟ್. ಲಿಟಲ್ ಇಂಡಿಯಾ ಅನ್ನುತ್ತಾರೆ. ಸೀರೆ, ಚೂಡಿದಾರ್, ಸ್ವೀಟ್ಸ್, ದಿನಸಿ. ಸೀರೆ ಅಂಗಡಿಯಾಕೆ ಮಿಂಚುವ ಮದುವೆ ರವಿಕೆಗಳನ್ನೇ ತೆಗೆದು ಹರಡಿದರು. "ದಿನಾ ಉಡೋದು, ದಿನಾ!" ಅಂತ ಅಮ್ಮ ಹರಕುಮುರುಕು ಹಿಂದಿಯಲ್ಲಿ ಹೇಳಿದಳು. ಬಹಳ ಹುಡುಕಿದ ಮೇಲೆ ಎಳೆದರೆ ಹಿಗ್ಗುವ ಎರಡು ರೆಡಿಮೇಡ್ ರವಿಕೆ, ಲಾಡಿ ಹಾಕಿದ ಒಂದು ಒಳಲಂಗ ಸಿಕ್ಕವು. ಬೆಲೆ ಕೇಳಬೇಡಿ. ಕೋಟಿಗಿಂತ ಲಂಗ ದುಬಾರಿ.

ದಿನಸಿ ಅಂಗಡಿಯಲ್ಲಿ ನಿಜವಾದ ಆಘಾತ. ಎಂಟಿಆರ್ ಸಾರಿನ ಪುಡಿ, ರವಾ ಇಡ್ಲಿ ಮಿಕ್ಸ್, ಹಪ್ಪಳ, ಉಪ್ಪಿನಕಾಯಿ, ಸೋನಾ ಮಸೂರಿ. ಕೌಂಟರಿನ ಹುಡುಗಿಗೆ ಬರೆಸಿದ ಪಟ್ಟಿ ಪೂರ್ತಿ ಶೆಲ್ಫಿನಲ್ಲೇ ಕೂತಿತ್ತು, ಅರಳು ಸಂಡಿಗೆಯೊಂದನ್ನು ಬಿಟ್ಟು. ಅಕ್ಕಿ ಮೂಟೆ ಎತ್ತುತ್ತಿದ್ದ ಹುಡುಗನೊಬ್ಬ ನಮ್ಮ ಮಾತು ಕೇಳಿ ತಿರುಗಿದ. ದಾವಣಗೆರೆಯವನು.

"ಆಂಟಿ, ಲಗೇಜ್ ಬಂದಿಲ್ವಾ? ಏನಾದ್ರೂ ಬೇಕಿದ್ರೆ ಹೇಳಿ, ಮನೇಲಿ ಅಮ್ಮ ಬಿಟ್ಟುಹೋಗಿರೋ ಶಾಲು ಇದಾವೆ."

"ಬೇಡಪ್ಪ, ಕೋಟಿದೆ ನೋಡು," ಅಂತ ಅಮ್ಮ ಅಂಚು ಹಿಡಿದು ತೋರಿಸಿದಳು. ಎಲ್ಲಿ ಕೊಂಡದ್ದು ಅಂತ ಮಾತ್ರ ಹೇಳಲಿಲ್ಲ.

ವಾಪಸು ರೈಲಿನಲ್ಲಿದ್ದಾಗ ಫೋನ್ ಬಂತು. ಎರಡೂ ಸಿಕ್ಕಿವೆ. ವಿಮಾನ ಬದಲಿಸಿದ ಊರಿನಲ್ಲೇ ಇದ್ದವು. ಒಂದರ ಚೀಟಿ ಕಿತ್ತುಹೋಗಿತ್ತು, ಅದನ್ನು ಬಣ್ಣ ಮತ್ತು ರಿಬ್ಬನ್ ನೋಡಿ ತಾಳೆ ಹಾಕಿದರಂತೆ. ಅಮ್ಮ ಏನೂ ಅನ್ನಲಿಲ್ಲ, ಕಿಟಕಿಯ ಕಡೆ ತಿರುಗಿ ಕೂತಳು. ಗೆದ್ದ ಮುಖ ನನಗೆ ಗಾಜಿನಲ್ಲಿ ಕಾಣುತ್ತಿತ್ತು.

ಶನಿವಾರ

ಬೆಳಿಗ್ಗೆ 9ರಿಂದ ರಾತ್ರಿ 9ರ ಒಳಗೆ ತಂದುಕೊಡುತ್ತೇವೆ ಅಂದರು. ಅಂದರೆ ಒಬ್ಬರು ರೂಮಿನಲ್ಲೇ ಇರಬೇಕು. ಹೊರಗೆ ಜಡಿಮಳೆ. ಅಮ್ಮ ಹೊಸ ರವಿಕೆ ತೊಟ್ಟು ಹೀಟರ್ ಪಕ್ಕ ಕೂತಳು. ನಾನು ಸ್ವಲ್ಪ ಹೊತ್ತು 35ನೇ ನಂಬರಿನ ಹಳೇ ಟ್ರಾಮಿನಲ್ಲಿ ಊರು ಸುತ್ತಿ ಬಂದೆ. ಅದೂ ಪುಕ್ಕಟೆ, ಮರದ ಚೌಕಟ್ಟಿನ ಕಿಟಕಿ, ಗಡಗಡ ಸದ್ದು.

ರಾತ್ರಿ ಎಂಟೂವರೆ ದಾಟಿದ ಮೇಲೆ ವ್ಯಾನ್ ಬಂತು. ಬೀಗ ಹಾಗೇ ಇತ್ತು. ಬೀಗದಕೈ ಲಕೋಟೆಯೊಳಗೆ, ಲಕೋಟೆ ಹಿಡಿಗೆ ಕಟ್ಟಿ. ಒಳಗೆ, ತೆರೆದು ನೋಡಿದ್ದೇವೆ ಅನ್ನುವ ಒಂದು ಚೀಟಿ. ಏನನ್ನೂ ತೆಗೆದಿರಲಿಲ್ಲ. ಉಪ್ಪಿನಕಾಯಿಯ ಎಣ್ಣೆ ನನ್ನ ದಪ್ಪ ಸ್ವೆಟರಿನ ತೋಳಿಗೆ ಹತ್ತಿತ್ತು, ಅರಳು ಸಂಡಿಗೆ ಪೂರಾ ನುಚ್ಚಾಗಿತ್ತು. ಅಮ್ಮ ಆ ಹೊತ್ತಿನಲ್ಲೇ ಸಾರು ಕುದಿಸಿದಳು. ನುಚ್ಚು ಸಂಡಿಗೆಯನ್ನೂ ಕರಿದಳು. ಸ್ಮೋಕ್ ಅಲಾರಂ ಒಮ್ಮೆ ಕಿರುಚಿ ಸುಮ್ಮನಾಯಿತು.

ಆಮೇಲೆ

ಹುಡುಕಾಟದ ನಂಬರಿನ ಜೊತೆ ರಸೀದಿಗಳನ್ನೂ ಇಟ್ಟುಕೊಳ್ಳಿ ಅಂತ ಕೌಂಟರಿನ ಹುಡುಗಿ ಹೇಳಿದ್ದಳು, ಇಟ್ಟಿದ್ದೆವು. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ, ಆಸ್ಟ್ರೇಲಿಯಾ ಎರಡೂ ಸೇರಿವೆ. ಅದರ ಪ್ರಕಾರ ಬ್ಯಾಗು ತಡವಾದರೆ ಆದ ನಷ್ಟವನ್ನು ವಿಮಾನ ಕಂಪನಿ ತುಂಬಿಕೊಡಬೇಕು. ನಾವು ಹೋದಾಗ ಮಿತಿ ಒಬ್ಬರಿಗೆ 1,288 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ), ಅಂದರೆ ಸುಮಾರು 1,700 ಅಮೆರಿಕನ್ ಡಾಲರ್. ಆ ವರ್ಷದ ಕೊನೆಗೆ ಅದು 1,519ಕ್ಕೆ ಏರಿತು. ಮಿತಿ ಅಷ್ಟಿದೆ ಅಂತ ಅಷ್ಟೂ ಕೊಡುವುದಿಲ್ಲ, ಖರ್ಚಾದದ್ದಕ್ಕೆ ಲೆಕ್ಕ ಕೇಳುತ್ತಾರೆ. ಬ್ಯಾಗು ಕೈಗೆ ಬಂದ 21 ದಿನದೊಳಗೆ ಬರೆದು ಕೇಳಬೇಕು. ಬರಬೇಕಾದ ದಿನದಿಂದ 21 ದಿನ ಕಳೆದರೂ ಬ್ಯಾಗೇ ಬಾರದಿದ್ದರೆ ಅದು ಕಳೆದುಹೋಯಿತು ಅಂತ ಲೆಕ್ಕ.

ಕಂಪನಿಯವರು ಬ್ರಷ್ಷು, ಪೇಸ್ಟು, ಒಳಉಡುಪಿನ ದುಡ್ಡು ಪೂರ್ತಿ ಕೊಟ್ಟರು. ಕೋಟಿಗೆ ಅರ್ಧ ಮಾತ್ರ. ಕೋಟು ನಿಮ್ಮ ಬಳಿಯೇ ಉಳಿಯುತ್ತದೆ, ಮುಂದೆಯೂ ಬಳಸಬಹುದು, ಅದಕ್ಕೆ ಅರ್ಧ ಅಂತ ಕಾರಣ ಬರೆದಿದ್ದರು.

ಓದಿ ಹೇಳಿದೆ. ಅಮ್ಮ ಫ್ಯಾನಿನ ಕೆಳಗೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. "ಭದ್ರಾವತಿ ಸೆಖೆಯಲ್ಲಿ ಅದನ್ನ ಹಾಕ್ಕೊಂಡು ಎಲ್ಲಿಗೆ ಹೋಗಬೇಕಂತೆ, ಕೇಳು."

ಹಾಗೇ ಕೇಳಿ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.